ಗಾದೆಗೊಂದು ಊರು, ಊರಿಗೊಂದು ಮಣ್ಣು: ಮಳೆ ನಕ್ಷತ್ರಗಳ ಹಿಂದೆ ಹೋದ ನನ್ನ ಅನುಭವ

ಮಳೆ ಗಾದೆಗಳ ಮೇಲೆ ಪಿಎಚ್‌.ಡಿ ಮಾಡುತ್ತಿದ್ದೇನೆ ಅಂದರೆ ಎದುರಿಗಿದ್ದವರು ಕೇಳುವುದು ಒಂದೇ ಪ್ರಶ್ನೆ: "ಅವೆಲ್ಲ ನಿಜಾನಾ?" 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಎಂಬ ಗಾದೆಯನ್ನು ಹವಾಮಾನ ಇಲಾಖೆಯ ಅಂಕಿಅಂಶದ ಪಕ್ಕ ನಿಲ್ಲಿಸಿ, ನಿಜ ಅಥವಾ ಸುಳ್ಳು ಎಂದು ತೀರ್ಪು ಕೊಟ್ಟರೆ ಕೆಲಸ ಮುಗಿಯಿತು ಎಂಬ ಎಣಿಕೆ ಅವರದು. (ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು.) ನನ್ನನ್ನು ಆ ಪ್ರಶ್ನೆ ಬಹಳ ದೂರ ಕರೆದೊಯ್ಯಲಿಲ್ಲ. ಗಾದೆ ಆಕಾಶದ ಬಗ್ಗೆ ಮಾತಾಡುವ ಹಾಗೆ ಕಂಡರೂ ಅದರ ಕಣ್ಣಿರುವುದು ಹೊಲದ ಮೇಲೆ. ಯಾವಾಗ ಬಿತ್ತಬೇಕು, ಯಾವಾಗ ನೆಡಬೇಕು, ಯಾವ ಹಂತದಲ್ಲಿ ಬೆಳೆಗೆ ನೀರು ತಪ್ಪಬಾರದು ಎಂಬುದೇ ಅದರ ವಿಷಯ. ಇದು ತಲೆಗೆ ಹೋದ ಮೇಲೆ ಸಾಹಿತ್ಯ, ಭೂಗೋಳ, ಕೃಷಿ ಎಂಬ ಮೂರು ದಾರಿಗಳು ಒಂದು ಕಡೆ ಕೂಡಿದವು. ಕೂಡಿದ ಜಾಗ ಬಿತ್ತನೆಯ ತಾರೀಖು.

ನಾನು ಕನ್ನಡ ಎಂ.ಎ. ಓದಿದವಳು. ಗಣಿತ ನನ್ನ ಬಲವಲ್ಲ. ಮಾರ್ಗದರ್ಶಕರು ಜಾನಪದದವರು, ಸಹ ಮಾರ್ಗದರ್ಶಕರು ಭೂಗೋಳದವರು. ಕೃಷಿಯ ಸಂದೇಹಗಳಿಗೆ ಒಬ್ಬ ಬೇಸಾಯ ವಿಜ್ಞಾನಿಯನ್ನು ಹಿಡಿದುಕೊಂಡಿದ್ದೆ. ಮೂವರಿಗೂ ಬೇಕಾದದ್ದು ಬೇರೆ ಬೇರೆ. ಒಬ್ಬರಿಗೆ ಪಾಠಾಂತರ, ಇನ್ನೊಬ್ಬರಿಗೆ ನಕ್ಷೆ, ಮತ್ತೊಬ್ಬರಿಗೆ ಎಕರೆಗೆ ಎಷ್ಟು ಕ್ವಿಂಟಾಲ್ ಎಂಬ ಲೆಕ್ಕ. ಬಿತ್ತನೆಯ ತಾರೀಖನ್ನು ಮೇಜಿನ ಮೇಲಿಟ್ಟಾಗ ಮಾತ್ರ ಮೂವರೂ ಒಂದೇ ಕಾಗದ ನೋಡುತ್ತಿದ್ದರು.

ಮೊದಲ ಕೆಲಸ ಜಾಗ ಆರಿಸುವುದು. ನಮ್ಮಲ್ಲಿ ಅಚ್ಚಾಗಿರುವ ಗಾದೆ ಸಂಗ್ರಹಗಳಲ್ಲಿ ಬಹುಪಾಲಿನವು ಅಕಾರಾದಿಯಾಗಿ ಜೋಡಿಸಿದವು. ಗಾದೆ ಇರುತ್ತದೆ, ಯಾವ ಊರಿನದು ಎಂಬುದು ಇರುವುದಿಲ್ಲ. ಸಾಹಿತ್ಯದ ವಿದ್ಯಾರ್ಥಿಗೆ ಅದು ಸಾಕಾದೀತು, ಭೂಗೋಳಕ್ಕೆ ಸಾಲದು. ಅದಕ್ಕೇ ಪಶ್ಚಿಮ ಘಟ್ಟದಿಂದ ಒಣ ಬಯಲಿನ ಕಡೆಗೆ ಹೋಗುವ ಹಾಗೆ ಮೂರು ತಾಲ್ಲೂಕು ಇಟ್ಟುಕೊಂಡೆ: ಮಲೆನಾಡಿಗೆ ತೀರ್ಥಹಳ್ಳಿ, ಮಧ್ಯದ ಒಣ ವಲಯಕ್ಕೆ ಚಳ್ಳಕೆರೆ, ಕಪ್ಪು ಮಣ್ಣಿನ ಎರೆ ಭೂಮಿಗೆ ವಿಜಯಪುರ ಜಿಲ್ಲೆಯ ಇಂಡಿ. ರಾಜ್ಯವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿದ್ದಾರೆ. ಈ ಮೂರು ತಾಲ್ಲೂಕು ಅದರಲ್ಲಿ ಮೂರು ಬೇರೆ ಬೇರೆ ವಲಯಕ್ಕೆ ಸೇರುತ್ತವೆ. ತೀರ್ಥಹಳ್ಳಿಯ ವರ್ಷದ ಮಳೆ ಚಳ್ಳಕೆರೆಯ ಐದು ಪಟ್ಟಿಗೂ ಹೆಚ್ಚು. ಅದೇ ತಾಲ್ಲೂಕಿನ ಆಗುಂಬೆಯಲ್ಲಿ ಏಳು ಸಾವಿರ ಮಿ.ಮೀ. ದಾಟುತ್ತದೆ. ಪ್ರಮಾಣಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಘಟ್ಟದ ಕಡೆ ಮಳೆ ಮೇಲೇರುವುದು ಜುಲೈನಲ್ಲಿ, ಚಳ್ಳಕೆರೆಯಂಥ ಮಳೆ ನೆರಳಿನ ಸೀಮೆಯಲ್ಲಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಹಾಗಾಗಿ ಪುನರ್ವಸು, ಪುಷ್ಯ ಎಂಬ ಹೆಸರು ಎರಡೂ ಕಡೆ ಇದ್ದರೂ ಅದರ ಹಿಂದಿನ ಅನುಭವ ಒಂದೇ ಅಲ್ಲ.

ಪ್ರತಿ ಗಾದೆಗೂ ಒಂದು ಚೀಟಿ ಮಾಡುತ್ತಿದ್ದೆ. ಗಾದೆ, ಹೇಳಿದವರ ಊರು, ಅವರ ಹೊಲದ ಮಣ್ಣು (ಎರೆಯೋ, ಕೆಂಪೋ, ಮಿಶ್ರ ಮಣ್ಣಿನ ಮಸಬೋ), ಹತ್ತಿಪ್ಪತ್ತು ವರ್ಷದ ಹಿಂದೆ ಏನು ಬಿತ್ತುತ್ತಿದ್ದರು, ಈಗ ಏನು ಬಿತ್ತುತ್ತಾರೆ, ನೀರಾವರಿ ಉಂಟೋ ಇಲ್ಲವೋ. ಗಾದೆ ಕೇಳುವುದನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದೆ. ಮೊದಲೇ "ಗಾದೆ ಹೇಳಿ" ಅಂದರೆ ಶಾಲೆಯ ಪುಸ್ತಕದಲ್ಲಿರುವುದನ್ನೇ ಹೇಳಿಬಿಡುತ್ತಾರೆ, ಟಿ.ವಿ.ಯವರು ಬಂದಿದ್ದಾರೆ ಎಂಬ ಹುರುಪಿನಲ್ಲಿ. ಬಿತ್ತನೆ, ಬೀಜ, ಎತ್ತು, ಸಾಲ ಎಂದು ಮಾತು ಬೆಳೆದ ಮೇಲೆ ಗಾದೆ ತಾನಾಗಿಯೇ ಬಾಯಿಗೆ ಬರುತ್ತದೆ. ಬೀಜದ ವಿಷಯ ಹೆಂಗಸರಿಗೆ ಹೆಚ್ಚು ಗೊತ್ತು. ಜಗಲಿಯ ಮೇಲೆ ಯಜಮಾನರ ಜೊತೆ ಕೂತು ಎದ್ದು ಬಂದರೆ ಅರ್ಧ ಸಂಗತಿ ಒಳಗೇ ಉಳಿಯುತ್ತದೆ. ಹೆಣ್ಣು ಸಂಶೋಧಕಿ ಎಂಬ ಒಂದು ಲಾಭ ನನಗೆ ಅಲ್ಲಿ ಸಿಕ್ಕಿತು.

ಇಂಡಿಯ ಕಡೆ ಒಬ್ಬ ಅಜ್ಜ ನನ್ನ ಪ್ರಶ್ನೆಯನ್ನೇ ತಿದ್ದಿದರು. "ತಂಗಿ, ಮಳಿ ಎಷ್ಟ ಆತು ಅಂತ ಕೇಳಬ್ಯಾಡ. ಹಸಿಗಿ ಹಸಿ ಕೂಡ್ತೋ ಇಲ್ಲೋ, ಅದನ್ನ ಕೇಳು." ಮೇಲಿಂದ ಇಳಿದ ತೇವ ಕೆಳಗಿನ ತೇವವನ್ನು ಮುಟ್ಟಿತೇ ಎಂಬುದು ಎರೆ ಹೊಲದವರ ಅಳತೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಅದು ಮಳೆಯ ದಿನ. ಬೇಸಿಗೆಯಲ್ಲಿ ಬಿರಿದು ನಿಂತ ಎರೆಗೆ ಅದು ಲೆಕ್ಕಕ್ಕೇ ಇಲ್ಲ. ಅಲ್ಲಿ ಹಿಂಗಾರಿ ಜೋಳ ಬಿತ್ತುವುದು ಉತ್ತರೆ, ಹಸ್ತದ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ಭಾಗದವರೆಗೆ. ಆಮೇಲೆ ಮಳೆ ಬಂದರೂ ಬಾರದಿದ್ದರೂ ಬೆಳೆ ನಿಲ್ಲುವುದು ಆಳದ ಮಣ್ಣು ಹಿಡಿದಿಟ್ಟ ಹಸಿಯ ಮೇಲೆ. ಹೀಗಿರುವಾಗ ಹಸ್ತ ನಕ್ಷತ್ರದಲ್ಲಿ ಬಿದ್ದ ಮಳೆಯನ್ನು ಮಾತ್ರ ಅಳೆದು ಇಳುವರಿಗೆ ತಾಳೆ ಹಾಕಿದರೆ ಏನೂ ಸಿಗುವುದಿಲ್ಲ. ಆಗಸ್ಟಿನಿಂದ ಕೂಡಿಕೊಂಡು ಬಂದ ಮಳೆಯನ್ನು ನೋಡಬೇಕು. ಅಂಕಿಅಂಶದ ಕೋಷ್ಟಕವನ್ನು ನಾನು ಹೊಸದಾಗಿ ಕಟ್ಟಿದ್ದು ಆ ಅಜ್ಜನ ಮಾತಿನ ಆಧಾರದ ಮೇಲೆ.

ಚಳ್ಳಕೆರೆಯಲ್ಲಿ ಮಘೆಯ ಮಾತು ಹೆಚ್ಚು. 'ಬಂದರೆ ಮಘೆ, ಇಲ್ಲದಿದ್ದರೆ ಹೊಗೆ.' 'ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು.' ಮಘೆ ಆಗಸ್ಟ್ 16–17ಕ್ಕೆ ಹುಟ್ಟಿ ತಿಂಗಳ ಕೊನೆಗೆ ಮುಗಿಯುತ್ತದೆ. ಆ ಸೀಮೆಯ ಮುಖ್ಯ ಬೆಳೆ ಶೇಂಗಾ. ಜುಲೈ ಮೊದಲ ಭಾಗದಲ್ಲಿ ಬಿತ್ತಿದ ಶೇಂಗಾದಲ್ಲಿ ಹೂವಿನ ಬುಡದಿಂದ ಸೂಜಿಯಂಥ ಕಡ್ಡಿ ಇಳಿದು ಮಣ್ಣು ಹೊಗುವುದು ಸರಿಯಾಗಿ ಆ ಹೊತ್ತಿಗೆ. ಮೇಲ್ಮಣ್ಣು ಗಟ್ಟಿಯಾಗಿದ್ದರೆ ಅದು ಒಳಹೋಗಲಾರದು, ಕಾಯಿ ಕಟ್ಟುವುದಿಲ್ಲ. "ಮಘೆ ಹೋದ್ರೆ ಬರೀ ಬಳ್ಳಿ ಕಣಮ್ಮ, ದನಕ್ಕಾಯ್ತು" ಅಂದರು ಒಬ್ಬರು ತಾಯಿ. ಬೇಸಾಯ ವಿಜ್ಞಾನಿ ಪುಟಗಟ್ಟಲೆ ವಿವರಿಸಿದ್ದೂ ಇದನ್ನೇ. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಗಾದೆ ಶೇಂಗಾಕ್ಕಾಗಿ ಹುಟ್ಟಿದ್ದು ಎಂದು ನಾನು ಹೇಳಲಾರೆ. ಮಘೆಯ ಗಾದೆಗಳು ಶೇಂಗಾ ಇಲ್ಲದ ಕಡೆಯೂ ಇವೆ. ಊರು ತನ್ನ ಬೆಳೆಗೆ ಹೊಂದುವ ಗಾದೆಯನ್ನು ಹಿಡಿದಿಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಅಷ್ಟನ್ನು ಮಾತ್ರ ಚೀಟಿಗಳು ತೋರಿಸಿದವು.

ತೀರ್ಥಹಳ್ಳಿ ಕಡೆ ಕಥೆಯೇ ತಿರುಗುಮುರುಗು. ಆಷಾಢದ ಮಳೆಯ ಬಗ್ಗೆ ಕೇಳಿದರೆ ಅಡಿಕೆ ತೋಟದವರು ನಕ್ಕುಬಿಟ್ಟರು. "ಮಳೆ ಬರ್ತದೆ ಮಾರಾಯ್ತಿ, ಅದರಲ್ಲೇನು ಹೊಸತು? ಹೊಳವು ಯಾವತ್ತು ಬರ್ತದೆ ಹೇಳು." ಹೊಳವು ಅಂದರೆ ಮಳೆ ಬಿಡುವು ಕೊಡುವ ಹೊತ್ತು. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆ ರೋಗಕ್ಕೆ ಮುಂಗಾರು ಹಿಡಿಯುವ ಮೊದಲು ಒಮ್ಮೆ ಮೈಲುತುತ್ತ–ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ನಲವತ್ತು–ನಲವತ್ತೈದು ದಿನಕ್ಕೆ ಇನ್ನೊಮ್ಮೆ. ಎರಡನೇ ಔಷಧಿಯ ದಿನ ಬಂದು ಬೀಳುವುದು ಪುನರ್ವಸು–ಪುಷ್ಯದಲ್ಲಿ, ಜಡಿಮಳೆ ಬಿಡದೆ ಹೊಯ್ಯುವಾಗ. ಮರ ಹತ್ತಲು, ಹೊಡೆದ ಔಷಧಿ ಗೊನೆಯ ಮೇಲೆ ಆರಲು ಒಂದು ಒಣ ಹೊತ್ತು ಬೇಕು. ಈ ರೋಗದ ಬಗ್ಗೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ವರದಿ ಬರೆದಿದ್ದರು. ತೋಟದವರ ಪೇಚು ಮಾತ್ರ ಇಂದಿಗೂ ಅದೇ. ಅದೇ ಅವಧಿ ಗದ್ದೆಯವರಿಗೆ ನಟ್ಟಿಯ ಕಾಲ, ಅವರಿಗೆ ನೀರು ಬೇಕು. ಒಂದೇ ಮನೆಯಲ್ಲಿ ಗದ್ದೆಯೂ ತೋಟವೂ ಇದ್ದರೆ ಒಂದೇ ನಕ್ಷತ್ರವನ್ನು ಬೆಳಿಗ್ಗೆ ಹೊಗಳಿ ಸಂಜೆ ಬೈಯುತ್ತಾರೆ. ಹಾಗಾಗಿ ಮಲೆನಾಡಿನ ಭಾಗಕ್ಕೆ ಮಳೆಯ ಪ್ರಮಾಣ ಬಿಟ್ಟು, ಒಂದೊಂದು ನಕ್ಷತ್ರದಲ್ಲಿ ಸತತವಾಗಿ ಎಷ್ಟು ಒಣ ದಿನ ಸಿಕ್ಕವು ಎಂದು ಎಣಿಸಿದೆ.

ಅಂಕಿಅಂಶದ ಬಗ್ಗೆ ಹೊಸಬರಿಗೆ ಎರಡು ಮಾತು. ತಿಂಗಳ ಸರಾಸರಿ ಈ ಕೆಲಸಕ್ಕೆ ಉಪಯೋಗವಿಲ್ಲ. ಸೂರ್ಯ ಒಂದು ನಕ್ಷತ್ರದಲ್ಲಿರುವುದು 13–14 ದಿನ. ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ರ ಸುಮಾರಿಗೆ, ಆರಿದ್ರ 22ರ ಸುಮಾರಿಗೆ ಹುಟ್ಟುತ್ತದೆ. ಆದ್ದರಿಂದ ದಿನದಿನದ ಮಳೆ ಬೇಕು. ನೆಲವನ್ನು ಚೌಕಗಳಾಗಿ ಹಂಚಿ ಲೆಕ್ಕ ಹಾಕಿದ ಹವಾಮಾನ ಇಲಾಖೆಯ ಚೌಕಳಿ ದತ್ತಾಂಶ 1901ರಿಂದ ಸಿಗುತ್ತದೆ, ಆದರೆ ಒಂದು ಚೌಕ ಎಂದರೆ ಸುಮಾರು 25 ಕಿ.ಮೀ. ಬಯಲು ಸೀಮೆಗೆ ಅದು ನಡೆಯುತ್ತದೆ. ಘಟ್ಟದಲ್ಲಿ ಒಂದೇ ಚೌಕದೊಳಗೆ ಶಿಖರವೂ ಮಳೆ ಕಡಿಮೆಯ ಕಣಿವೆಯೂ ಸೇರಿಹೋಗುತ್ತವೆ. ಅಲ್ಲಿಗೆ ಮಳೆಮಾಪನ ಕೇಂದ್ರಗಳ ದಾಖಲೆಯನ್ನೇ ಹುಡುಕಬೇಕು. ಇತ್ತೀಚಿನ ವರ್ಷಗಳಿಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿ ಮಟ್ಟದ ಮಾಪಕಗಳಿವೆ. ಹಳೆಯ ರಿಜಿಸ್ಟರುಗಳಲ್ಲಿ ಖಾಲಿ ಮನೆ ಕಂಡರೆ ಸೊನ್ನೆ ಎಂದು ತುಂಬಬೇಡಿ. ಮಳೆ ಬರಲಿಲ್ಲ ಎಂಬುದು ಬೇರೆ, ಅಳೆಯುವವರು ಬರಲಿಲ್ಲ ಎಂಬುದು ಬೇರೆ. ಇನ್ನೊಂದು ಸಣ್ಣ ಸಂಗತಿ: ಮಳೆ ಅಳೆಯುವುದು ಬೆಳಿಗ್ಗೆ 8.30ಕ್ಕೆ. ನಿನ್ನೆ ಸಂಜೆಯ ಗುಡುಗು ಮಳೆ ಇವತ್ತಿನ ತಾರೀಖಿನಲ್ಲಿ ದಾಖಲಾಗುತ್ತದೆ. ನಕ್ಷತ್ರ ಬದಲಾಗುವ ದಿನ ಇದು ಲೆಕ್ಕ ಕೆಡಿಸುತ್ತದೆ.

ಸಾಹಿತ್ಯದ ವಿದ್ಯಾರ್ಥಿನಿಯಾಗಿ ನನ್ನ ಪಾಲಿನ ಕೆಲಸ ಪ್ರಾಸದ ಮೇಲೆ ಗುಮಾನಿ ಇಡುವುದಾಗಿತ್ತು. ರೋಹಿಣಿ–ಓಣಿ, ಭರಣಿ–ಧರಣಿ, ಆರಿದ್ರ–ದರಿದ್ರ, ಮಘೆ–ಹೊಗೆ. ಆರಿದ್ರಕ್ಕೆ ದರಿದ್ರ ಸಿಕ್ಕಿತು ಎಂಬ ಕಾರಣಕ್ಕೇ ಎಷ್ಟು ಗಾದೆ ಉಳಿದಿರಬಹುದು? ಇದನ್ನು ಸೋಸಲು ಒಂದು ಉಪಾಯ ಮಾಡಿಕೊಂಡೆ. ಗಾದೆಯನ್ನು ಬದಿಗಿಟ್ಟು, ನಕ್ಷತ್ರದ ಹೆಸರೂ ಎತ್ತದೆ, ಆ ಹದಿನೈದು ದಿನದಲ್ಲಿ ಹೊಲದಲ್ಲಿ ಏನು ಮಾಡುತ್ತೀರಿ, ಮಳೆ ತಪ್ಪಿದರೆ ಏನಾಗುತ್ತದೆ ಎಂದು ಬೇರೆ ಮನೆಗಳಲ್ಲಿ ಕೇಳುವುದು. ಉತ್ತರ ಗಾದೆಯ ಕಡೆಗೇ ವಾಲಿದರೆ ಅದರ ಹಿಂದೆ ಅನುಭವ ಇದೆ ಎಂದು ಇಟ್ಟುಕೊಂಡೆ. ವಾಲದಿದ್ದರೆ ಅದನ್ನು ಪ್ರಾಸದ ಖಾತೆಗೆ ಹಾಕಿದೆ. ಮಘೆ ಚಳ್ಳಕೆರೆಯಲ್ಲಿ ಪಾಸಾಯಿತು. ಭರಣಿಯ ಗಾದೆ ಮೂರೂ ಕಡೆ ಎಲ್ಲರ ಬಾಯಲ್ಲಿತ್ತು, ಏಪ್ರಿಲ್ ಕೊನೆಯ ಮಳೆಗೆ ಹೊಲದಲ್ಲಿ ಮಾಡುವ ಕೆಲಸ ಮಾತ್ರ ಊರೂರಿಗೆ ಬೇರೆ. ಒಂದು ಕಡೆ ಉಳುಮೆ, ಇನ್ನೊಂದು ಕಡೆ ಏನೂ ಇಲ್ಲ.

ಹಳಗನ್ನಡದ ಕಡೆ ಹೋದಾಗ ಇನ್ನೊಂದು ತೊಡಕು ಎದುರಾಯಿತು, ನನ್ನ ಪ್ರಬಂಧದಲ್ಲಿ ನನಗೆ ಹೆಚ್ಚು ಇಷ್ಟವಾದ ಅಧ್ಯಾಯ ಹುಟ್ಟಿದ್ದು ಅಲ್ಲಿಯೇ. ಎರಡನೆಯ ಚಾವುಂಡರಾಯನ 'ಲೋಕೋಪಕಾರ' 1025ರ ಕೃತಿ. ಮಳೆಯ ಲಕ್ಷಣ, ಬಾವಿಗೆ ನೀರು ನೋಡುವುದು, ಗಿಡಮರಗಳ ಆರೈಕೆ, ಅಡುಗೆ, ಎಲ್ಲವೂ ಅದರಲ್ಲಿದೆ. ಸುಮಾರು 1300ರ ರಟ್ಟಕವಿಯ 'ರಟ್ಟಮತ'ವೂ ಮಳೆ, ಮಿಂಚು, ಶಕುನಗಳ ಗ್ರಂಥ. ಇವುಗಳಲ್ಲಿ ಬರುವ ನಕ್ಷತ್ರಗಳಿಗೆ ಇಂದಿನ ಪಂಚಾಂಗದ ತಾರೀಖು ಹಚ್ಚುವ ಹಾಗಿಲ್ಲ. ನಮ್ಮ ಪಂಚಾಂಗದ ವರ್ಷ ನಕ್ಷತ್ರಗಳನ್ನು ಆಧರಿಸಿದ್ದು, ಋತುಗಳ ವರ್ಷಕ್ಕಿಂತ ತುಸು ಉದ್ದ. ಈಗ ಏಪ್ರಿಲ್ 14ರ ಆಸುಪಾಸಿಗೆ ಬರುವ ಮೇಷ ಸಂಕ್ರಮಣ (ಸೂರ್ಯ ಮೇಷ ರಾಶಿಯನ್ನು ಹೊಗುವ ದಿನ), ಇಂದಿನ ಕ್ಯಾಲೆಂಡರಿನ ಲೆಕ್ಕದಲ್ಲೇ ಹಿಂದಕ್ಕೆ ಎಣಿಸಿದರೆ, ಸಾವಿರ ವರ್ಷದ ಹಿಂದೆ ಮಾರ್ಚ್ ಕೊನೆಯ ವಾರದಲ್ಲಿ ಬರುತ್ತಿತ್ತು. ಎರಡು ವಾರಕ್ಕೂ ಮಿಗಿಲಾದ ವ್ಯತ್ಯಾಸ, ಅಂದರೆ ಹೆಚ್ಚುಕಡಿಮೆ ಒಂದು ಮಳೆ ನಕ್ಷತ್ರದಷ್ಟು. ಚಾವುಂಡರಾಯನ ಕಾಲದ ಆರಿದ್ರ ಋತುವಿನಲ್ಲಿ ಇಂದಿನ ಮೃಗಶಿರದ ಜಾಗದಲ್ಲಿತ್ತು.

ಇದರಿಂದ ಏನಾಯಿತು? ಮುಂಗಾರಿನ ಆಗಮನ ಅಂದೂ ಜೂನ್ ಮೊದಲ ಭಾಗದಲ್ಲೇ ಇತ್ತು ಎಂದು ಇಟ್ಟುಕೊಂಡರೆ, ಅಂದು ಆರಿದ್ರಕ್ಕೆ ಸಲ್ಲುತ್ತಿದ್ದ ಮಾತು ಇಂದು ಮೃಗಶಿರಕ್ಕೆ ಸಲ್ಲಬೇಕು. ಅಂದಮೇಲೆ ಈಗ ಜನರ ಬಾಯಲ್ಲಿರುವ ಗಾದೆ ಸಾವಿರ ವರ್ಷ ಹಳೆಯದಾಗಿ, ಇಂದಿನ ಹೊಲಕ್ಕೂ ಸರಿಹೊಂದುತ್ತಿದೆ ಎಂದು ಯಾರಾದರೂ ಹೇಳಿದರೆ ನಾನು ಸುಲಭಕ್ಕೆ ಒಪ್ಪುವುದಿಲ್ಲ. ಒಂದೋ ಅದು ಅಷ್ಟು ಹಳೆಯದಲ್ಲ, ಇಲ್ಲವೇ ನಡುವೆ ಯಾರೋ ನಕ್ಷತ್ರ ಬದಲಿಸಿದ್ದಾರೆ. ಪರಂಪರೆಯ ಹೆಮ್ಮೆಗೆ ಇದರಿಂದ ಪೆಟ್ಟಾಗುತ್ತದೆ ಎಂದು ಒಂದು ಸೆಮಿನಾರಿನಲ್ಲಿ ಆಕ್ಷೇಪ ಬಂತು. ನನಗೆ ಉಲ್ಟಾ ಅನ್ನಿಸುತ್ತದೆ. ಹೊಲ ನೋಡಿ ಗಾದೆಯನ್ನು ತಿದ್ದಿಕೊಂಡ ರೈತರು, ಕಂಠಪಾಠ ಮಾಡಿ ಒಪ್ಪಿಸಿದವರಿಗಿಂತ ದೊಡ್ಡವರು.

ತಿದ್ದುವುದು ಈಗಲೂ ನಡೆದಿದೆ. ಹಾವೇರಿ, ದಾವಣಗೆರೆ ಕಡೆ ಮುಂಗಾರಿ ಜೋಳದ ಜಾಗವನ್ನು ಗೋವಿನಜೋಳ (ಮೆಕ್ಕೆಜೋಳ) ಹಿಡಿದುಕೊಂಡಿದೆ. ಅಲ್ಲಿನ ನೆಂಟರ ಮನೆಯಲ್ಲಿ ರೋಹಿಣಿಯ ಗಾದೆಯನ್ನು ಗೋವಿನಜೋಳಕ್ಕೇ ಅನ್ವಯಿಸಿ ಹೇಳುವುದನ್ನು ಕೇಳಿದ್ದೇನೆ. ಕಿರಿಯರು ಮೊಬೈಲಿನಲ್ಲಿ ಮುನ್ಸೂಚನೆ ನೋಡುತ್ತಾರೆ, ಹವಾಮಾನ ಸಹಾಯವಾಣಿ ವರುಣಮಿತ್ರಕ್ಕೆ ಫೋನು ಮಾಡುತ್ತಾರೆ, ಕೇಳಿದ್ದನ್ನು ಅಪ್ಪನಿಗೆ ಹೇಳುವಾಗ "ಪುಷ್ಯ ಜೋರಾಗ್ತದಂತೆ" ಎಂದು ನಕ್ಷತ್ರಕ್ಕೆ ತಿರುಗಿಸಿ ಹೇಳುತ್ತಾರೆ.

ಪ್ರಬಂಧ ಒಪ್ಪಿಸಿದ ಮೇಲೆ ಮೂರೂ ತಾಲ್ಲೂಕಿಗೆ ಬೇರೆ ಬೇರೆ ಗೋಡೆ ಪಟ್ಟಿ ಮಾಡಿಸಿದೆ. ನಕ್ಷತ್ರದ ಅವಧಿ, ಆ ಅವಧಿಯಲ್ಲಿ ಹಿಂದಿನ ಮೂವತ್ತು ವರ್ಷದಲ್ಲಿ ಬಿದ್ದ ಅತಿ ಕಡಿಮೆ, ಮಧ್ಯಮ, ಅತಿ ಹೆಚ್ಚು ಮಳೆ, ಪಕ್ಕದಲ್ಲಿ ಬೆಳೆಯ ಹಂತ. ತೀರ್ಥಹಳ್ಳಿಯದಕ್ಕೆ ಮಾತ್ರ ಒಣ ದಿನಗಳ ಕಂಬಸಾಲು ಹೆಚ್ಚಿಗೆ. ಇಂಡಿಯಲ್ಲಿ ಪಟ್ಟಿ ನೋಡಿದವರು ಎರೆಗೂ ಮಸಬಿಗೂ ಒಂದೇ ಸಾಲು ಹಾಕಿದ್ದನ್ನು ಒಪ್ಪಲಿಲ್ಲ, ಮಸಬು ಮೊದಲು ಹದಕ್ಕೆ ಬರುತ್ತದೆ, ಎರೆ ತಡ ಎಂದರು. ಮುಂದಿನ ಅಚ್ಚಿಗೆ ಎರಡು ಸಾಲು ಮಾಡುತ್ತಿದ್ದೇನೆ. ಅದಕ್ಕೆ ಬೇಕಾದ ಮಣ್ಣಿನ ತೇವದ ಅಳತೆಗಳಿಗಾಗಿ ವಿಜಯಪುರದ ಒಣಬೇಸಾಯ ಸಂಶೋಧನಾ ಕೇಂದ್ರಕ್ಕೆ ಬರೆದಿದ್ದೇನೆ.