ಬಾಗಿಲು ಮುಚ್ಚಿದಾಗ ಸಭೆಯನ್ನು ಫೋನಿನಲ್ಲೇ ನಡೆಸಿದ ನನ್ನ ಅನುಭವ

ಕೋವಿಡ್‌ನಿಂದ ನಮ್ಮ ಚರ್ಚಿನ ಬಾಗಿಲು ಮುಚ್ಚಿದ್ದಾಗ, ಭಾನುವಾರದ ಯೂಟ್ಯೂಬ್ ಲೈವ್ ಪಕ್ಕಕ್ಕಿಟ್ಟು ಮಾಮೂಲಿ ಫೋನಿನಲ್ಲೇ ಆರಾಧನೆ ನಡೆಸೋಣ ಅಂತ ನಾನು ಹೇಳಿದಾಗ ಸಭಾ ಸಮಿತಿಯಲ್ಲಿ ನಕ್ಕವರೇ ಜಾಸ್ತಿ. 'ಕಾಲ ಎಲ್ಲಿಗೆ ಹೋಗಿದೆ, ಇವರು ಎಲ್ಲಿದ್ದಾರೆ ನೋಡಿ' ಅಂದರು ಒಬ್ಬ ಹಿರಿಯರು. ಈಗ ಬೇರೆ ಸಭೆಯವರಿಗೆ ನನ್ನ ನಂಬರ್ ಕೊಡುತ್ತಿರುವವರೂ ಅವರೇ. ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೆದುಬಿಡುತ್ತೇನೆ.

2020ರ ಮಾರ್ಚ್‌ನಲ್ಲಿ ಎಲ್ಲರೂ ಮಾಡಿದ್ದನ್ನೇ ನಾವೂ ಮಾಡಿದ್ದೆವು. ಕ್ಯಾಮೆರಾ, ಮೈಕು, ಎರಡು ದೀಪ. ಹತ್ತಿರ ಹತ್ತಿರ ಒಂದು ತಿಂಗಳ ಕಾಣಿಕೆ ಅದಕ್ಕೇ ಹೋಯಿತು. ಏಪ್ರಿಲ್ 12ರ ಈಸ್ಟರ್ ಆರಾಧನೆಗೆ ವ್ಯೂಸ್ ಮುನ್ನೂರು ದಾಟಿತು. ನಮ್ಮ ಸಭೆ ಇರುವುದೇ ಸುಮಾರು ನೂರಿಪ್ಪತ್ತು ಮನೆ, ಸಮಿತಿಗೆ ಖುಷಿಯೋ ಖುಷಿ. ನಾನು ಯೂಟ್ಯೂಬಿನ ಅನಾಲಿಟಿಕ್ಸ್ ತೆಗೆದು ನೋಡಿದೆ. ಒಂದೂಕಾಲು ಗಂಟೆಯ ಆರಾಧನೆಯಲ್ಲಿ ಜನ ಸರಾಸರಿ ನೋಡಿದ್ದು ಎಂಟೋ ಒಂಬತ್ತೋ ನಿಮಿಷ. ಪಾಸ್ಟರ್ ಪ್ರಸಂಗ, ಅಂದರೆ ಉಪದೇಶ, ಶುರುವಾಗುವ ಹೊತ್ತಿಗೆ ಸಭೆ ಖಾಲಿ! ಹೆಸರು ಹಿಡಿದು ವಿಚಾರಿಸಿದರೆ ಇನ್ನೂ ಬೇಜಾರು. ಮುಂದಿನ ಸಾಲಿನ ವಯಸ್ಸಾದವರಲ್ಲಿ ಅರ್ಧಕ್ಕರ್ಧ ಜನ ಒಂದು ಸಲವೂ ನೋಡಿರಲಿಲ್ಲ. ಅವರ ಹತ್ತಿರ ಇರುವುದು ಬಟನ್ ಫೋನು.

ಝೂಮ್ ಕತೆ ನಿಮಗೆ ಗೊತ್ತೇ ಇದೆ. ಉಚಿತ ಖಾತೆಗೆ 40 ನಿಮಿಷ. ನಮ್ಮ ಪಾಸ್ಟರ್ ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ 40 ನಿಮಿಷ ಯಾವ ಮೂಲೆಗೆ? 'ಒರಿಜಿನಲ್ ಸೌಂಡ್' ಅನ್ನುವ ಆಯ್ಕೆ ಆನ್ ಮಾಡುವವರೆಗೆ ಹಾಡಿಗೆ ನುಡಿಸುವ ಕೀಬೋರ್ಡಿನ ಸದ್ದನ್ನು ಗದ್ದಲ ಅಂತ ಝೂಮೇ ಅಳಿಸಿಹಾಕುತ್ತಿತ್ತು. ಎಲ್ಲರೂ ಒಟ್ಟಿಗೆ ಹಾಡಲು ಹೋದರೆ ಒಬ್ಬೊಬ್ಬರು ಒಂದೊಂದು ಸಾಲಿನಲ್ಲಿ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿ ಇನ್ನೊಂದು ತಲೆನೋವು. ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಕಳಿಸಿದ್ದೇವೆ ಅಂತ ನಾವು, ಯಾರೂ ವಿಚಾರಿಸಲೇ ಇಲ್ಲ ಅಂತ ಅವರು.

ಅಷ್ಟು ಹೊತ್ತಿಗೆ ಕಾಣಿಕೆ ಮೂರನೇ ಒಂದು ಭಾಗಕ್ಕೆ ಇಳಿದಿತ್ತು. 2020ರ ಏಪ್ರಿಲ್ ಕೊನೆಯಲ್ಲಿ ಚರ್ಚ್ ಆಫ್ ಇಂಗ್ಲೆಂಡಿನವರು 'ಡೈಲಿ ಹೋಪ್' ಅಂತ ಉಚಿತ ಫೋನ್ ಸೇವೆ ಶುರು ಮಾಡಿದರು. ಇಂಟರ್‌ನೆಟ್ ಇಲ್ಲದವರು ಕರೆ ಮಾಡಿ ಹಾಡು, ಪ್ರಾರ್ಥನೆ ಕೇಳಬಹುದಿತ್ತು. ಅಷ್ಟು ದೊಡ್ಡ ಸಭೆಯೇ ಫೋನಿಗೆ ಬಂತಲ್ವಾ ಅಂತ ಸಮಿತಿಯ ಬಾಯಿ ಮುಚ್ಚಿಸಿದೆ. ಒಬ್ಬರು ಮಾತ್ರ ಬೈಬಲಿನ ಇಬ್ರಿಯ 10:25 ಎತ್ತಿದರು, ಸಭೆಯಾಗಿ ಕೂಡುವುದನ್ನು ಬಿಡಬಾರದು ಅಂತ. ಜೈಲಿನಲ್ಲಿದ್ದಾಗ ಅಪೊಸ್ತಲ ಪೌಲ ಪತ್ರ ಬರೆದು ಸಭೆ ನೋಡಿಕೊಳ್ಳಲಿಲ್ಲವೇ ಅಂದೆ. ಸುಮ್ಮನಾದರು.

ಮಾಮೂಲಿ ಮೊಬೈಲಿನಲ್ಲಿ ಒಂದು ಕರೆಗೆ ಐದು ಜನರನ್ನು ಸೇರಿಸಬಹುದು. ನಮ್ಮ ಲೆಕ್ಕವೆಲ್ಲ ನಿಂತಿದ್ದು ಆ ಐದರ ಮೇಲೆ. ಐದು ಮನೆಗೆ ಒಬ್ಬ ಮುಖಂಡ, ಹೀಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ಗುಂಪು. ಶನಿವಾರ ಸಂಜೆ ಪಾಸ್ಟರ್ ಪ್ರಸಂಗ ವಾಟ್ಸಾಪ್ ಧ್ವನಿ ಸಂದೇಶವಾಗಿ ಮುಖಂಡರಿಗೆ ಬರುತ್ತದೆ. ಹನ್ನೆರಡು ನಿಮಿಷ, ಅದಕ್ಕಿಂತ ಒಂದು ನಿಮಿಷವೂ ಜಾಸ್ತಿ ಇಲ್ಲ. ಇದಕ್ಕೆ ಪಾಸ್ಟರನ್ನು ಒಪ್ಪಿಸಿದ್ದೇ ನನ್ನ ದೊಡ್ಡ ಸಾಧನೆ ಅಂತ ಮನೆಯವರು ಹೇಳುತ್ತಾರೆ. ಭಾನುವಾರ ಮುಖಂಡರು ಐವರನ್ನೂ ಕರೆಗೆ ಸೇರಿಸಿ, ಇನ್ನೊಂದು ಫೋನಿನಲ್ಲಿ ಪ್ರಸಂಗ ಹಚ್ಚಿ ಹತ್ತಿರ ಹಿಡಿಯುತ್ತಾರೆ. ಫೋನ್ ಕರೆಯಲ್ಲಿ ತೀರಾ ತಗ್ಗಿನ, ತೀರಾ ಏರಿನ ಸ್ವರಗಳು ದಾಟುವುದಿಲ್ಲ. ವಾದ್ಯ ಕೆಟ್ಟದಾಗಿ ಕೇಳುತ್ತದೆ, ಮಾತು ಮಾತ್ರ ಚೆನ್ನಾಗಿ ಬರುತ್ತದೆ. ಹಾಗಾಗಿ ಹಾಡಿಗೆ ಒಂದೇ ದನಿ, ವಾದ್ಯವಿಲ್ಲ. ಉಳಿದವರು ಫೋನನ್ನು ಬಾಯಿಂದ ದೂರ ಹಿಡಿದು ಹಾಡಬೇಕು. ಎರಡು ಫೋನುಗಳ ನಡುವೆ ಕೀ ಅನ್ನುವ ಕಿರುಚು ಸದ್ದು ಬರದಂತೆ ಇಡುವುದಕ್ಕೆ ನನ್ನದೊಂದು ಉಪಾಯ ಇದೆ, ಅದನ್ನು ಬಂದು ಕೇಳಿದವರಿಗೆ ಮಾತ್ರ ತೋರಿಸುತ್ತೇನೆ.

ನನ್ನ ಗುಂಪಿನಲ್ಲಿ ಒಬ್ಬರು ಅಜ್ಜಿ. 'ಇರಪ್ಪ, ಕನ್ನಡಕ ಸಿಕ್ತಿಲ್ಲ' ಅನ್ನುತ್ತಾರೆ, ಎಲ್ಲರೂ ಕಾಯುತ್ತೇವೆ. ಅವರು ಸತ್ಯವೇದದ (ಬೈಬಲಿನ) ಹಾಳೆ ತಿರುವುವ ಸದ್ದು ಎಲ್ಲ ಮನೆಗೂ ಕೇಳುತ್ತದೆ. ಪ್ರಾರ್ಥನೆ ಮುಗಿದಾಗ ಆಮೆನ್ ಒಟ್ಟಿಗೆ ಬರುವುದಿಲ್ಲ, ಒಂದರ ಹಿಂದೆ ಒಂದು ಬರುತ್ತದೆ. ಮೊದಮೊದಲು ಕಿರಿಕಿರಿ ಅನ್ನಿಸುತ್ತಿತ್ತು, ಆಮೇಲೆ ಯಾರ ಆಮೆನ್ ಬಂದಿಲ್ಲ ಅಂತ ಎಣಿಸುವುದಕ್ಕೇ ಅದು ಉಪಯೋಗಕ್ಕೆ ಬಂತು.

ಭಾನುವಾರಕ್ಕಿಂತ ಕೆಲಸ ಮಾಡಿದ್ದು ವಾರದ ಮಧ್ಯದ ಕರೆ. ಅದೇ ಮುಖಂಡ, ಅದೇ ದಿನ, ಅದೇ ಹೊತ್ತು. 'ಹೇಗಿದ್ದೀರಿ' ಅಂದರೆ 'ಚೆನ್ನಾಗಿದ್ದೀವಿ' ಅಂತಲೇ ಉತ್ತರ, ಅಲ್ಲಿಗೆ ಮುಗಿಯಿತು. ಅದನ್ನು ಬಿಟ್ಟು 'ಮಾತ್ರೆ ಇನ್ನೆಷ್ಟು ದಿನಕ್ಕಿದೆ', 'ರಾತ್ರಿ ನಿದ್ದೆ ಬಂತಾ', 'ಮಗ ಕೆಲಸಕ್ಕೆ ಹೋಗ್ತಿದ್ದಾನಾ' ಅಂತ ಕೇಳಿಸಿದೆವು. ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮುಂದಿನ ವಾರ ಅಲ್ಲಿಂದಲೇ ಮಾತು ಶುರು. ಕೆಲಸ ಹೋದ ಸಂಗತಿ ಬಾಯಿ ಬಿಡಲು ಕೆಲವರಿಗೆ ನಾಲ್ಕೈದು ವಾರ ಬೇಕಾಯಿತು.

ಒಂದೇ ಕಟ್ಟುನಿಟ್ಟು ಇಟ್ಟಿದ್ದೆ: ಕರೆಯಲ್ಲಿ ಹಣದ ಮಾತು ಎತ್ತಲೇಬಾರದು. ಖಜಾಂಚಿಗೆ ಇದು ಒಂಚೂರೂ ಹಿಡಿಸಲಿಲ್ಲ. ಆದರೆ ಪಾಸ್ಟರ್ ಹೆಸರಲ್ಲಿ ಯಾರೋ ಗಿಫ್ಟ್ ಕಾರ್ಡ್ ಕೇಳಿ ಸಂದೇಶ ಕಳಿಸಿದಾಗ ಈ ನಿಯಮವೇ ಕಾಪಾಡಿತು. ನಮ್ಮವರು ಫೋನಿನಲ್ಲಿ ದುಡ್ಡು ಕೇಳಲ್ಲ ಅಂತ ಎಲ್ಲರಿಗೂ ಗೊತ್ತಿತ್ತಲ್ಲ, ಒಬ್ಬರೂ ಮೋಸ ಹೋಗಲಿಲ್ಲ. ಕೇಳದಿದ್ದರೂ ಕಾಣಿಕೆ ನಾಲ್ಕೈದು ತಿಂಗಳಲ್ಲಿ ಮುಕ್ಕಾಲು ಪಾಲಿಗೆ ವಾಪಸ್ ಬಂತು. ಖರ್ಚು ಅಂದರೆ ಕರೆಗಳದ್ದು ಮಾತ್ರ, ದೀಪಗಳ ಬೆಲೆಗಿಂತ ಕಡಿಮೆ.

ನಡುವೆ ಕ್ವಾಯರಿನವರು, ಅಂದರೆ ಹಾಡುವ ತಂಡದವರು, ಏಳೆಂಟು ಜನ ಸೇರಿ ಅಭ್ಯಾಸ ಮಾಡ್ತೀವಿ ಅಂತ ಹಟ ಹಿಡಿದರು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2020ರ ಮಾರ್ಚ್‌ನ ಒಂದೇ ಅಭ್ಯಾಸಕ್ಕೆ ಬಂದಿದ್ದ 61 ಹಾಡುಗಾರರಲ್ಲಿ 53 ಮಂದಿಗೆ ಕಾಯಿಲೆ ಕಾಣಿಸಿಕೊಂಡು ಇಬ್ಬರು ತೀರಿಹೋದರು ಅಂತ ತೋರಿಸಿದ ಮೇಲೆ ಬಿಟ್ಟರು. ಬದಲಿಗೆ ಇಯರ್‌ಫೋನಿನಲ್ಲಿ ತಾಳ ಕೇಳುತ್ತಾ ಅವರವರ ಮನೆಯಲ್ಲೇ ಹಾಡಿಸಿದೆ. ಶುರುವಿಗೆ ಎಲ್ಲರೂ ಒಂದು ಚಪ್ಪಾಳೆ, ಅದನ್ನು ಹಿಡಿದು ಕಂಪ್ಯೂಟರಿನಲ್ಲಿ ಆಡಾಸಿಟಿ ಅನ್ನುವ ಧ್ವನಿ ತಂತ್ರಾಂಶದಲ್ಲಿ ದನಿ ಜೋಡಿಸುವುದು. ನಾಲ್ಕು ನಿಮಿಷದ ಹಾಡಿಗೆ ನನ್ನ ವಾರದ ರಾತ್ರಿಗಳೆಲ್ಲ ಹೋದವು. ಹಾಡೇನೋ ಸೊಗಸಾಗಿ ಬಂತು, ಆದರೆ ಇನ್ನೊಂದು ಮಾಡಿ ಅಂತ ಯಾರೂ ಕೇಳಲಿಲ್ಲ.

ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭು ಭೋಜನದ ವಿಷಯಕ್ಕೆ ನಾನು ಕೈ ಹಾಕಲಿಲ್ಲ. ಅದು ಆಯಾ ಸಭೆಯ ಪದ್ಧತಿ, ನಮ್ಮವರು ಒಟ್ಟಿಗೆ ಸೇರುವವರೆಗೆ ಕಾದರು.

ಮುಖಂಡರು ಎರಡು ತಿಂಗಳಿಗೆ ದಣಿಯುತ್ತಾರೆ, ನೆನಪಿರಲಿ. ಬೇರೆಯವರ ಕಷ್ಟ ಕೇಳಿ ಕೇಳಿ ಅವರಿಗೇ ನಿದ್ದೆ ಇರುವುದಿಲ್ಲ. ಅವರಿಗೆ ಕರೆ ಮಾಡಲು ಇಬ್ಬರನ್ನು ಬೇರೆಯೇ ಇಡಿ, ಮೂರನೇ ತಿಂಗಳು ರಜೆ ಕೊಡಿ. ಯಾರಿಗೆ ಯಾವ ಐದು ಮನೆ ಅಂತ ಹಂಚುವುದರಲ್ಲೂ ಒಂದು ಗುಟ್ಟಿದೆ, ಅದನ್ನು ಬರೆದರೆ ನಮ್ಮ ಸಭೆಯಲ್ಲೇ ಜಗಳ ಆಗುತ್ತದೆ.

ಬಾಗಿಲು ತೆರೆದ ಮೇಲೂ ಹಾಸಿಗೆ ಹಿಡಿದವರ ಗುಂಪುಗಳು ಹಾಗೇ ನಡೆಯುತ್ತಿವೆ. ಕ್ಯಾಮೆರಾವನ್ನು ಅರ್ಧ ಬೆಲೆಗೆ ಮಾರಿ, ಆ ದುಡ್ಡಲ್ಲಿ ಅವರಿಗೆ ದೊಡ್ಡ ಅಂಕಿಯ ಬಟನ್ ಫೋನು ತಂದುಕೊಟ್ಟೆವು. ದೀಪಗಳನ್ನು ಇನ್ನೂ ಯಾರೂ ಕೊಂಡಿಲ್ಲ.