ದೀಪದ ಹುಳು ಎಣಿಸುವುದು ಹೇಗೆ?

ವಲಸೆ ಎಂದರೆ ಹಕ್ಕಿಗಳೇ ನೆನಪಾಗುತ್ತವೆ. ಆದರೆ ಪತಂಗಗಳೂ ದೂರ ಪ್ರಯಾಣಿಸುತ್ತವೆ. ಆಸ್ಟ್ರೇಲಿಯಾದ ಬೊಗಾಂಗ್ ಪತಂಗ ಬೇಸಿಗೆ ಕಳೆಯಲೆಂದೇ 1,000 ಕಿ.ಮೀ.ವರೆಗೆ ಹಾರಿ ಬೆಟ್ಟದ ಗುಹೆಗಳನ್ನು ಸೇರುತ್ತದೆ. ಅಲ್ಲಿ ಒಂದು ಚದರ ಮೀಟರ್ ಬಂಡೆಗೆ ಸುಮಾರು 17,000 ಪತಂಗಗಳು ಅಂಟಿರುತ್ತವೆ. 2017ರ ಹೊತ್ತಿಗೆ ಅವು ಏಕಾಏಕಿ ಕಡಿಮೆಯಾದದ್ದು ಗೊತ್ತಾದದ್ದು, ವರ್ಷವರ್ಷವೂ ಹೋಗಿ ನೋಡುತ್ತಿದ್ದವರಿದ್ದುದರಿಂದ.

ಹಾಗೆ ನೋಡಲು ಗುಹೆಯೇ ಬೇಕೆಂದಿಲ್ಲ. ಚಂದ್ರನಿಲ್ಲದ, ಗಾಳಿ ಕಡಿಮೆಯಿರುವ ಬೆಚ್ಚನೆಯ ರಾತ್ರಿ ಬಿಳಿ ಬಟ್ಟೆಯೊಂದನ್ನು ಹಗ್ಗಕ್ಕೆ ಇಳಿಬಿಟ್ಟು ಮುಂದೆ ದೀಪ ಹಚ್ಚಿ. ನೇರಳಾತೀತ ಕಿರಣ ಸೂಸುವ ಬಲ್ಬ್ ಆದರೆ ಹೆಚ್ಚು ಹುಳು ಬರುತ್ತವೆ, ಅದನ್ನು ದಿಟ್ಟಿಸಬೇಡಿ.

ಎಲ್ಲವನ್ನೂ ಗುರುತಿಸಲು ಹೋದರೆ ಮೂರನೇ ದಿನಕ್ಕೆ ಸಾಕಾಗುತ್ತದೆ. ಕಣ್ಣಿಗೆ ಚೆನ್ನಾಗಿ ಹಿಡಿದ ಒಂದೇ ಬಗೆಯನ್ನು ಆರಿಸಿ, ಫೋಟೊ ತೆಗೆದಿಡಿ. ಹೆಸರು ಆಮೇಲೆ ನೋಡಿಕೊಳ್ಳಬಹುದು. ದಿನವೂ ಅದೇ ಹೊತ್ತಿಗೆ ಅರ್ಧ ಗಂಟೆ ಎಣಿಸಿ, ಗಾಳಿಯ ದಿಕ್ಕನ್ನೂ ಬರೆಯಿರಿ. ಗಾಳಿ ತಿರುಗಿದ ರಾತ್ರಿ ಲೆಕ್ಕ ಒಮ್ಮೆಲೇ ಜಿಗಿದರೆ ರೆಕ್ಕೆ ನೋಡಿ. ಪುಡಿ ಉದುರಿ ಅಂಚು ಹರಿದಿದ್ದರೆ ದೂರದಿಂದ ಬಂದಿರಬಹುದು. ಹೊಚ್ಚ ಹೊಸದಾಗಿದ್ದರೆ ಹತ್ತಿರದಲ್ಲೇ ಕೋಶ ಒಡೆದು ಬಂದದ್ದೂ ಇರಬಹುದು. ಇದು ಸುಳಿವಷ್ಟೇ.

ಈಗ ತಿನ್ನುವವರ ಸರದಿ. ಟೆಕ್ಸಾಸ್‌ನ ಗುಹೆಗಳಿಂದ ಲಕ್ಷಗಟ್ಟಲೆ ಬಾವಲಿಗಳು ಹೊರಟು, ಮೆಕ್ಸಿಕೊ ಕಡೆಯಿಂದ ಗಾಳಿಯೊಡನೆ ಬರುವ ಮೆಕ್ಕೆಜೋಳದ ತೆನೆಕೊರಕ ಪತಂಗಗಳನ್ನು ನೂರಾರು ಮೀಟರ್ ಎತ್ತರದಲ್ಲೇ ಹಿಡಿಯುತ್ತವೆ. ಬಾವಲಿಯ ಬೇಟೆಯ ಕೂಗು ಹೆಚ್ಚಾಗಿ ನಮಗೆ ಕೇಳಿಸದು, ಎಷ್ಟೋ ಪತಂಗಗಳಿಗೆ ಕೇಳಿಸುತ್ತದೆ. ಬೀಗದ ಕೈ ಗೊಂಚಲನ್ನು ಅಲ್ಲಾಡಿಸಿ ನೋಡಿ: ಅದರಲ್ಲೂ ಆ ಬಗೆಯ ಸದ್ದಿರುವುದರಿಂದ ಹಾರುತ್ತಿದ್ದ ಕೆಲವು ಪತಂಗಗಳು ರೆಕ್ಕೆ ಮಡಚಿ ಕಲ್ಲಿನಂತೆ ಕೆಳಗೆ ಬೀಳುತ್ತವೆ. ಮಕ್ಕಳಿದ್ದರೆ ಆ ರಾತ್ರಿ ಎಣಿಕೆ ಮುಂದೆ ಸಾಗುವುದಿಲ್ಲ!

ಹಚ್ಚಿದ ಎರಡು ತಾಸಿನ ಮೇಲೆ ದೀಪ ಆರಿಸಿ, ಬಟ್ಟೆಯ ಮೇಲಿನವನ್ನು ಮೆಲ್ಲಗೆ ಪೊದೆಯೊಳಗೆ ಕೊಡವಿ. ಬೆಳಗಿನವರೆಗೆ ಬಿಟ್ಟರೆ ಹಕ್ಕಿಗಳು ಜಾಗ ಕಲಿತು ದಿನವೂ ನಿಮಗಿಂತ ಮೊದಲೇ ಬರುತ್ತವೆ. ರಾತ್ರಿಯ ಪಾಳಿ ನತ್ತಿಂಗ (ನೈಟ್‌ಜಾರ್) ಹಕ್ಕಿಯದು. ಅಗಲ ಬಾಯಿ ತೆರೆದು ಹಾರುತ್ತಲೇ ನುಂಗುತ್ತದೆ.

ಮರುದಿನ ಜಗಲಿ, ಸಜ್ಜೆಗಳ ಕೆಳಗೆ ಹುಡುಕಿ. ಬಾವಲಿಗಳು ಒಡಲು ತಿಂದು ರೆಕ್ಕೆ ಉದುರಿಸುತ್ತವೆ. ಸಿಕ್ಕವನ್ನು ಬೆಂಕಿಪೊಟ್ಟಣದಲ್ಲಿ ಹಾಕಿ, ಮೇಲೆ ತಾರೀಖು ಬರೆದಿಡಿ.