ನಾಡಿ ನಿಧಾನವಾದಾಗ

ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿ ಸಿಸೇರಿಯನ್‌ಗೆ ಬೆನ್ನಿಗೆ ಸೂಜಿ ಚುಚ್ಚಿ ಅರಿವಳಿಕೆ ಕೊಡುವುದು ನನ್ನ ಕೆಲಸ. ಥಿಯೇಟರಿನಲ್ಲಿ ಹಾಡು ಹಾಕಿದರೆ ನನ್ನ ತಕರಾರಿಲ್ಲ. ಮಾನಿಟರಿನ ಸದ್ದು ತಗ್ಗಿಸಿದರೆ ಮಾತ್ರ ಜಗಳವಾಡುತ್ತೇನೆ. ಕಣ್ಣು ಬೆನ್ನಿನ ಸೂಜಿಯ ಮೇಲಿದ್ದಾಗ ನಾಡಿಯ ಸುದ್ದಿ ಹೇಳುವುದು ಆ ಟಿಕ್ ಟಿಕ್ ಒಂದೇ.

ಸೊಂಟದಿಂದ ಕೆಳಕ್ಕೆ ಮರಗಟ್ಟಿದರೆ ಸಾಲದು. ಹೊಟ್ಟೆ ತೆರೆದಾಗ ನೋವಾಗದಿರಲು ಮರಗಟ್ಟುವಿಕೆ ಎದೆಯ ಮಟ್ಟದವರೆಗೆ ಏರಬೇಕು. ತೊಡಕು ಅಲ್ಲೇ. ಹೃದಯದ ವೇಗ ಹೆಚ್ಚಿಸುವ ನರಗಳೂ ಎದೆಯ ಮೊದಲ ನಾಲ್ಕು ಮಟ್ಟಗಳಿಂದಲೇ ಹೊರಡುತ್ತವೆ. ಅವೂ ಮರಗಟ್ಟಿದರೆ ನಾಡಿ ಇಳಿಯುತ್ತದೆ.

ಕೆಲಸದ ಆರಂಭದ ವರ್ಷಗಳಲ್ಲಿ ಒಬ್ಬ ತಾಯಿಗೆ ರಕ್ತದೊತ್ತಡ ಇಳಿಯಿತೆಂದು ರಕ್ತನಾಳ ಬಿಗಿದು ಒತ್ತಡ ಏರಿಸುವ ಫಿನೈಲೆಫ್ರಿನ್ 100 ಮೈಕ್ರೋಗ್ರಾಂ ಕೊಟ್ಟೆ. ನಾಡಿ 92ರಿಂದ 46ಕ್ಕೆ ಬಿತ್ತು. ಗಾಬರಿಯಲ್ಲಿ ನಾಡಿಯ ವೇಗ ಹೆಚ್ಚಿಸುವ ಅಟ್ರೋಪಿನ್ ಏರಿಸಿದೆ. ಒತ್ತಡ ಆಗಲೇ 140 ದಾಟಿತ್ತು, ನಾನು ನೋಡಿರಲಿಲ್ಲ. ಮುಂದಿನ ಕೆಲವು ನಿಮಿಷ ನಾಡಿ 140, ಒತ್ತಡ 180, ಆಕೆಗೆ ತಲೆ ಸಿಡಿಯುವ ನೋವು. ರಕ್ತನಾಳ ಬಿಗಿದು ಒತ್ತಡ ಏರಿದ್ದರಿಂದಲೇ ಹೃದಯ ನಿಧಾನಿಸಿತ್ತು. ಮದ್ದು ನಿಲ್ಲಿಸಿ ಕಾದಿದ್ದರೆ ಸಾಕಿತ್ತು.

ಅಂದಿನಿಂದ ನಾಡಿ ಇಳಿದರೆ ಮೊದಲು ಒತ್ತಡದ ಪಟ್ಟಿಯ ಗುಂಡಿ ಒತ್ತುತ್ತೇನೆ. ಆದರೆ ಇನ್ನೊಬ್ಬ ತಾಯಿ, "ಡಾಕ್ಟರೇ, ಎದೆಯಲ್ಲಿ ಏನೋ ಸಂಕಟ" ಎಂದು ಆಕಳಿಸತೊಡಗಿದಾಗ ಆ ಅಂಕಿಗೂ ಕಾಯಲಿಲ್ಲ. ನಾಡಿ 42, ಮುಂಗೈ ನಾಡಿ ಬೆರಳಿಗೆ ಸಿಗುತ್ತಲೇ ಇರಲಿಲ್ಲ. 0.6 ಮಿಲಿಗ್ರಾಂ ಅಟ್ರೋಪಿನ್, ಜೊತೆಗೆ ನಾಡಿ, ಒತ್ತಡ ಎರಡನ್ನೂ ಏರಿಸುವ ಎಫೆಡ್ರಿನ್ ಕೊಟ್ಟು, ಸಲೈನ್ ಪೂರ್ತಿ ಬಿಟ್ಟು, ಬಲ ಸೊಂಟದ ಕೆಳಗಿನ ದಿಂಬನ್ನು ಇನ್ನಷ್ಟು ಒಳಕ್ಕೆ ತಳ್ಳಿದೆ. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಕುಳಿತಿದ್ದರೆ ಹೃದಯಕ್ಕೆ ರಕ್ತ ಮರಳುವುದಾದರೂ ಹೇಗೆ? ಅಡ್ರಿನಲಿನ್ ಸಿರಿಂಜ್ ಕೈಯಲ್ಲೇ ಇತ್ತು, ಬೇಕಾಗಲಿಲ್ಲ. "ನನ್ನ ಬೆರಳು ಹಿಂಡಿ ತಾಯಿ" ಎಂದೆ. ಗಟ್ಟಿಯಾಗಿ ಹಿಂಡಿದರು. ಮರಗಟ್ಟುವಿಕೆ ಕೈವರೆಗೆ ಏರಿಲ್ಲವೆಂದು ಆಗ ಉಸಿರು ಬಿಟ್ಟೆ.

ಮಗು ಹೊರಬಂದ ಮೇಲೂ ನೆಮ್ಮದಿಯಿಲ್ಲ. ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಒಮ್ಮೆಲೇ ಕೊಟ್ಟರೆ ಒತ್ತಡ ಕುಸಿದು ನಾಡಿ ಓಡುತ್ತದೆ. "ಬೇಗ ಕೊಡಿ, ಗರ್ಭಕೋಶ ಮೆತ್ತಗಿದೆ" ಎಂದು ಶಸ್ತ್ರಚಿಕಿತ್ಸೆ ಮಾಡುವವರ ಕಡೆಯಿಂದ ಕೂಗು ಬಂದರೂ 3 ಯೂನಿಟ್ಟನ್ನು ಅರ್ಧ ನಿಮಿಷಕ್ಕಿಂತ ಬೇಗ ಏರಿಸುವುದಿಲ್ಲ, ಉಳಿದದ್ದು ಡ್ರಿಪ್‌ನಲ್ಲಿ. ಗರ್ಭಕೋಶವನ್ನು ಹೊರಗೆಳೆದು ಹೊಲಿಯುವವರಿಗೆ ನನ್ನದೊಂದು ಕೋರಿಕೆ: ಎಳೆಯುವ ಮುನ್ನ ಒಂದು ಮಾತು ಹೇಳಿ. ಆ ಎಳೆತಕ್ಕೂ ನಾಡಿ ತಟ್ಟನೆ ಇಳಿಯುವುದುಂಟು. ಕೈ ಸಡಿಲಿಸಿದರೆ ಎಷ್ಟೋ ಸಲ ಮದ್ದಿಲ್ಲದೆಯೇ ಟಿಕ್ ಟಿಕ್ ಮೊದಲಿನ ಲಯಕ್ಕೆ ಬರುತ್ತದೆ.